ಉಪ್ಪು ಹೊತ್ತಿತ್ತಾ, ಬೆಲ್ಲ ಹೊತ್ತಿತ್ತಾ? ಹಳೆ ಗೂಡ್ಸ್ ವ್ಯಾಗನ್ ಉಳಿಸಿಕೊಳ್ಳುವ ಬಗೆ

ಬಂಗಾರಪೇಟೆ ಹತ್ತಿರ, ಈಗ ನಿಂತುಹೋಗಿರುವ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ನಾಲ್ಕು ಚಕ್ರದ ಗೂಡ್ಸ್ ವ್ಯಾಗನ್ ಇದೆ. ಎಷ್ಟೋ ವರ್ಷದ ಹಿಂದೆ ಗಿರಣಿಯವರು ಗುಜರಿ ಹರಾಜಿನಲ್ಲಿ ಕೊಂಡು ತಂದದ್ದು. ಅವರಿಗೆ ಅದು ಅಗ್ಗದ ಗೋದಾಮು. ನಾವು ಐದಾರು ಜನ ಅದನ್ನು ನೋಡಿಕೊಳ್ಳಲು ಹೋದಾಗ ಒಳಗಿದ್ದದ್ದು ಹುಳ ಹಿಡಿದ ತೌಡಿನ ಚೀಲ, ಮುರಿದ ತಕ್ಕಡಿ, ಒಂದು ಕೋಳಿ ಮತ್ತು ಅದರ ಸಂಸಾರ.

ನಾವು ಮಾಡಿದ ಮೊದಲ ಕೆಲಸ ಬಣ್ಣ ಬಳಿದದ್ದು. ಅದೇ ಮೊದಲ ತಪ್ಪು. ಒಂದು ಭಾನುವಾರ ತಂತಿ ಬ್ರಷ್‌ನಲ್ಲಿ ಗಸಗಸ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಉಜ್ಜುವಾಗ ಒಂದು ಬದಿಯ ಹಳೆ ಅಕ್ಷರಗಳೂ ಪುಡಿಯಾಗಿ ಉದುರಿಹೋಗಿದ್ದವು. ಬಣ್ಣ ಯಾಕೆ ಉಬ್ಬಿತು ಅಂತ ಹೇಳಿದ್ದು ಯಾವ ಇಂಜಿನಿಯರೂ ಅಲ್ಲ, ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತಿದ್ದ ಒಬ್ಬ ಅಜ್ಜ. ಆ ಕಥೆ ಮುಂದೆ ಬರುತ್ತದೆ. ನಿಮ್ಮ ಶಾಲೆಯ ಅಂಗಳದಲ್ಲೋ, ತೋಟದಲ್ಲೋ, ಗಿರಣಿಯಲ್ಲೋ ಇಂಥ ಗಾಡಿ ಇದ್ದರೆ ಬ್ರಷ್ ಕೈಗೆತ್ತಿಕೊಳ್ಳುವ ಮುಂಚೆ ಇದನ್ನು ಓದಿ.

ಮೊದಲು: ಯಾವ ಹಳಿಯ ಗಾಡಿ?

ನಮ್ಮ ಈ ಕಡೆ ಮೂರು ಅಳತೆಯ ಹಳಿ ಓಡಿದೆ. ಜೋಲಾರಪೇಟೆಯಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ 1864ರಲ್ಲಿ ಬಂದದ್ದು ಬ್ರಾಡ್‌ಗೇಜ್. ಚಿನ್ನದ ಗಣಿಗೆ 1894ರಲ್ಲಿ ಹೋದ ಕವಲೂ ಅದೇ. ತುಮಕೂರಿಗೆ 1884ರಲ್ಲಿ ಬಂದದ್ದು ಮೀಟರ್‌ಗೇಜ್. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದದ್ದು ಎರಡೂವರೆ ಅಡಿಯ ನ್ಯಾರೋಗೇಜ್. ಕೋಲಾರ–ಚಿಕ್ಕಬಳ್ಳಾಪುರದ ನಡುವೆ ದೊಡ್ಡ ಹಳಿ ಬಂದದ್ದು 2013ರಲ್ಲಿ.

ಗಾಡಿ ಯಾವುದು ಅಂತ ತಿಳಿಯಲು ಟೇಪು ಸಾಕು. ಒಂದೇ ಅಚ್ಚಿನ ಎರಡು ಚಕ್ರಗಳ ಒಳಮೈಯಿಂದ ಒಳಮೈಗೆ ಅಳೆಯಿರಿ. 1600 ಮಿ.ಮೀ. ಆಸುಪಾಸು ಬಂದರೆ ಬ್ರಾಡ್‌ಗೇಜ್. 930 ಬಂದರೆ ಮೀಟರ್‌ಗೇಜ್. ಅದಕ್ಕಿಂತ ತುಂಬಾ ಕಡಿಮೆ ಬಂದರೆ ನಿಮಗೆ ಸಿಕ್ಕಿರುವುದು ಆ ಪುಟ್ಟ ರೈಲಿನ ಗಾಡಿ. ಅದೃಷ್ಟವಂತರು ನೀವು! ಹಳಿ ಹಾಕಿಸುವಾಗ ಮಾತ್ರ ಬೇರೆ ಅಳತೆ ಬೇಕು: 1676, 1000, 762 ಮಿ.ಮೀ. ಇದು ಹಳಿಗಳ ಒಳ ಅಂಚುಗಳ ನಡುವಿನ ಜಾಗ.

ಕಾಗದ ಇಟ್ಟುಕೊಳ್ಳಿ

ಇದನ್ನು ಯಾರೂ ಹೇಳುವುದಿಲ್ಲ. ರೈಲ್ವೆ ಸಾಮಾನು ಕಾಗದವಿಲ್ಲದೆ ನಿಮ್ಮ ಹತ್ತಿರ ಇದ್ದರೆ ಅದು ಅಪರಾಧ ಆಗಬಹುದು. ಅದಕ್ಕೆಂದೇ 1966ರ ಒಂದು ಕಾಯ್ದೆ ಇದೆ. ಇಡೀ ವ್ಯಾಗನ್‌ಗೆ ಮಾತ್ರ ಅಂದುಕೊಳ್ಳಬೇಡಿ. ಗುಜರಿ ಅಂಗಡಿಯಲ್ಲಿ ಸಿಕ್ಕ ಎರಡು ತುಂಡು ಹಳಿಗೂ, ಒಂದು ಹಿತ್ತಾಳೆ ಬೇರಿಂಗಿಗೂ ಇದು ಅನ್ವಯಿಸುತ್ತದೆ. ರೈಲ್ವೆ ತನ್ನ ಗುಜರಿಯನ್ನು ಐಆರ್‌ಇಪಿಎಸ್ ಅನ್ನುವ ತಾಣದ ಇ-ಹರಾಜಿನಲ್ಲಿ ಮಾರುತ್ತದೆ. ಹರಾಜಿನ ರಸೀದಿ, ಡೆಲಿವರಿ ಆರ್ಡರ್, ಗೇಟ್ ಪಾಸ್ ಮೂರನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿಡಿ. ಒಂದು ಜೆರಾಕ್ಸ್ ಪ್ರತಿ ಬೇರೆ ಮನೆಯಲ್ಲಿರಲಿ. ಚಕ್ರ, ಬೇರಿಂಗ್ ಸೇರಿಸಿ ಕೊಡುತ್ತಾರಾ ಇಲ್ಲವಾ ಅನ್ನುವುದನ್ನು ಬಿಡ್ ಹಾಕುವ ಮುಂಚೆಯೇ ಓದಿಕೊಳ್ಳಿ. ಎಷ್ಟೋ ಸಲ ಬರೀ ಡಬ್ಬಿ ಮಾತ್ರ ಕೊಡುತ್ತಾರೆ.

ಎತ್ತುವುದು, ಕೂರಿಸುವುದು

ಬ್ರಾಡ್‌ಗೇಜ್ ಗಾಡಿಯಾದರೆ ಖಾಲಿ ಇದ್ದರೂ ಹತ್ತು ಟನ್ ದಾಟುತ್ತದೆ. ಬದಿಯ ಉದ್ದುದ್ದ ತೊಲೆಗೆ ಸೋಲ್ ಬಾರ್ ಅನ್ನುತ್ತಾರೆ. ಕ್ರೇನಿನ ಬೆಲ್ಟ್ ಅದರ ಕೆಳಗೆ, ಚಕ್ರಗಳ ಹತ್ತಿರ ಬರಬೇಕು. ಬೆಲ್ಟ್ ಮೇಲೆ ಹೋಗುವಾಗ ಚಾವಣಿಯ ಅಂಚನ್ನು ಅದುಮದ ಹಾಗೆ ನಡುವೆ ಅಡ್ಡ ತೊಲೆ ಕಟ್ಟಿಸಿ. ನಮ್ಮದನ್ನು ಎತ್ತಿ ಹಳಿ ಮೇಲೆ ಕೂರಿಸುವಾಗ ಅಡ್ಡ ತೊಲೆ ಬೇಡ ಅಂದ ಕ್ರೇನಿನವರ ಮಾತು ಕೇಳಿ, ಚಾವಣಿಯ ಒಂದು ಮೂಲೆ ಒಳಗೆ ಬಗ್ಗಿತು. ಇಂದಿಗೂ ಹಾಗೇ ಇದೆ. ದಾರಿಯ ಕರೆಂಟ್ ತಂತಿಗಳ ಎತ್ತರ ಮೊದಲೇ ನೋಡಿ. ಬೆಸ್ಕಾಂಗೆ ಹೇಳಿ ಆ ಹೊತ್ತು ಲೈನ್ ಆಫ್ ಮಾಡಿಸಿ.

ನಿಲ್ಲಿಸುವ ಜಾಗ ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರ ಇರಲಿ. ಜಲ್ಲಿ ಹಾಸಿ, ಅದರ ಮೇಲೆ ಸ್ಲೀಪರ್, ಹಳಿ. ಚಕ್ರ ನೇರ ಮಣ್ಣಿನಲ್ಲಿ ನಿಂತರೆ ಕೆಳಗಿನ ತುಕ್ಕು ನಿಮಗೆ ಕಾಣುವುದೇ ಇಲ್ಲ. ಮರದ ಸ್ಲೀಪರ್ ಆದರೆ ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲು ಬಿಡುವುದಿಲ್ಲ. ಕಾಂಕ್ರೀಟಿನದು ಸಿಕ್ಕರೆ ತಲೆನೋವಿಲ್ಲ. ಆಗುವುದಾದರೆ ಹಳಿಯನ್ನು ಗಾಡಿಗಿಂತ ಎರಡಡಿ ಉದ್ದ ಹಾಕಿಸಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಉಜ್ಜುವ ಮುಂಚೆ ಓದಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೇ ಕೊಡಿ. ಹಳೆ ವ್ಯಾಗನ್ನಿನ ಮೈ ಒಂದು ಜಾತಕದ ಹಾಗೆ. ಬೆಳಿಗ್ಗೆ ಓರೆ ಬಿಸಿಲಿನಲ್ಲಿ, ಇಲ್ಲವೇ ರಾತ್ರಿ ಟಾರ್ಚನ್ನು ತಗಡಿಗೆ ಸಮವಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ಬಣ್ಣದ ಕೆಳಗಿಂದ ಉಬ್ಬಿ ಕಾಣುತ್ತವೆ. ಪ್ರತಿಯೊಂದಕ್ಕೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮಾರ್ಕರ್‌ನಲ್ಲಿ ಅಕ್ಷರದ ಅಂಚು ತಿದ್ದಿಕೊಳ್ಳಿ. ಮುಂದೆ ಬರೆಸುವಾಗ ಇದೇ ಅಚ್ಚು.

ಏನೇನು ಸಿಗುತ್ತದೆ? ಮೊದಲು, ಯಾವ ರೈಲ್ವೆ ಅನ್ನುವ ಗುರುತು. ದಕ್ಷಿಣ ರೈಲ್ವೆ ಹುಟ್ಟಿದ್ದು 1951ರಲ್ಲಿ, ಮೈಸೂರು ಸ್ಟೇಟ್ ರೈಲ್ವೆ ಮತ್ತು ಇನ್ನೆರಡು ಕಂಪನಿ ರೈಲ್ವೆಗಳು ಸೇರಿ. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಆ ಹಳೆ ಹೆಸರುಗಳ ಅಕ್ಷರ ಸಿಕ್ಕರೆ ಗಾಡಿ ಅದಕ್ಕೂ ಹಿಂದಿನದು. ನೈರುತ್ಯ ರೈಲ್ವೆಯ ಗುರುತಿದ್ದರೆ ಗಾಡಿ 2003ರ ನಂತರವೂ ಓಡಿದೆ.

ಆಮೇಲೆ ನಂಬರು. ಹನ್ನೊಂದು ಅಂಕಿ ಇದ್ದರೆ ಐದನೆಯದು, ಆರನೆಯದು ಸೇರಿ ತಯಾರಾದ ವರ್ಷ. ಮೂರನೆಯದು, ನಾಲ್ಕನೆಯದು ಸೇರಿ ಯಾವ ರೈಲ್ವೆಯದು ಅಂತ. ಹಳೆ ಗಾಡಿಗಳಿಗೆ ಇಷ್ಟುದ್ದದ ನಂಬರ್ ಇರುತ್ತಿರಲಿಲ್ಲ. ಅದರ ಪಕ್ಕದ ಇಂಗ್ಲಿಷ್ ಅಕ್ಷರಗಳು ಗಾಡಿಯ ಜಾತಿ ಹೇಳುತ್ತವೆ: ಸಿ ಅಂದರೆ ಮುಚ್ಚಿದ ಗಾಡಿ, ಮುಂದೆ ಬಿ ಇದ್ದರೆ ಬೋಗಿ ಇರುವ ಎಂಟು ಚಕ್ರದ್ದು, ಆರ್ ಅಂದರೆ ರೋಲರ್ ಬೇರಿಂಗ್, ಎನ್ ಅಂದರೆ ಏರ್ ಬ್ರೇಕ್. ನಮ್ಮದು ಸಿ ಆರ್ ಟಿ. ಆ ಟಿ ಕಪ್ಲಿಂಗಿನ, ಅಂದರೆ ಗಾಡಿಗೆ ಗಾಡಿ ಸೇರಿಸುವ ಕೊಂಡಿಯ ಗುರುತು. ಹಳೆ ಸ್ಕ್ರೂ ಕಪ್ಲಿಂಗಿಗೂ ಹೊಸ ನಡು ಕಪ್ಲರಿಗೂ ಸೇರಿಕೊಳ್ಳುವ ಎರಡು ಕಾಲದ ಗಾಡಿ ಅದು.

ಖಾಲಿ ತೂಕ, ಹೊರುವ ತೂಕ, ಪಿಒಹೆಚ್ ಅಂದರೆ ವರ್ಕ್‌ಶಾಪಿನಲ್ಲಿ ಪೂರ್ತಿ ಬಿಚ್ಚಿ ರಿಪೇರಿ ಮಾಡಿದ ತಾರೀಖು, ಮತ್ತೆ ವಾಪಸ್ ಬರಬೇಕಾದ ತಾರೀಖು, ಇವೆಲ್ಲ ಬದಿಯಲ್ಲಿ ಇರುತ್ತವೆ. ತಯಾರಿಸಿದ ಕಂಪನಿಯ ಎರಕದ ಫಲಕ ಸೋಲ್ ಬಾರಿನಲ್ಲಿ ಉಳಿದಿದೆಯಾ ನೋಡಿ. ಬರ್ನ್, ಜೆಸಪ್, ಬ್ರೇಥ್‌ವೇಟ್, ಟೆಕ್ಸ್‌ಮ್ಯಾಕೋ ಇಂಥ ಹೆಸರು ಸಿಗಬಹುದು. ಹೆಚ್ಚಿನ ಕಡೆ ಫಲಕ ಹೋಗಿ ನಾಲ್ಕು ತೂತು ಮಾತ್ರ ಉಳಿದಿರುತ್ತದೆ.

ಸೀಮೆಸುಣ್ಣದ ಗುರುತು ಕಂಡರೆ ದಯವಿಟ್ಟು ನೀರು ಹಾಕಬೇಡಿ. ಅದು ಗಾಡಿ ಪರೀಕ್ಷಿಸುತ್ತಿದ್ದ ಟಿಎಕ್ಸ್‌ಆರ್ ಕೈಬರಹ ಇರಬಹುದು. ಎಲ್ಲೋ ಕೆಟ್ಟರೆ ಗಾಡಿಯನ್ನು ರೇಕಿನಿಂದ, ಅಂದರೆ ವ್ಯಾಗನ್‌ಗಳ ಇಡೀ ಸಾಲಿನಿಂದ, ಕಳಚಿ ರಿಪೇರಿಯ ಸಿಕ್ ಲೈನಿಗೆ ತಳ್ಳುತ್ತಿದ್ದರು. 'ಗಾಡಿ ಸಿಕ್ ಆಗಿದೆ' ಅಂತಲೇ ಮಾತು, ಮನುಷ್ಯರ ಬಗ್ಗೆ ಹೇಳಿದ ಹಾಗೆ.

ಈಗ ಒಳಗೆ ಹೋಗಿ. ಗೋಡೆಯ ಮೇಲೆ ಸೊಂಟದ ಎತ್ತರದಲ್ಲಿ ಅಡ್ಡಾದಿಡ್ಡಿ ಗೀರುಗಳಿದ್ದರೆ ಅದು ಹಮಾಲರ ಕೊಕ್ಕೆಯ ಗುರುತು. ಬಾಗಿಲ ಹತ್ತಿರ ನೆಲ ಜಾಸ್ತಿ ಸವೆದಿರುತ್ತದೆ. ಒಳಗಿಂದ ಹೊರಗೆ ಉಬ್ಬಿದ ತಗಡು ಶಂಟಿಂಗಿನಲ್ಲಿ ಸರಕು ಜಾರಿ ಗುದ್ದಿದ್ದು. ಇಂಥವನ್ನು ತಟ್ಟಿ ನೇರ ಮಾಡಬೇಕು ಅನ್ನುವವರು ಬರುತ್ತಾರೆ. ಬೇಡ ಅನ್ನಿ.

ಹೊತ್ತವರನ್ನು ಕೇಳಿ

ನಮ್ಮ ಗಾಡಿಯ ಬಣ್ಣ ಉಬ್ಬಿದ್ದು ಕೆಳಗಿನ ಒಂದೂವರೆ ಅಡಿಯಲ್ಲಿ ಮಾತ್ರ. ಮೇಲೆಲ್ಲ ಚೆನ್ನಾಗಿತ್ತು. ಪ್ರೈಮರ್ ಸರಿಯಿಲ್ಲ ಅಂತ ಒಬ್ಬರು, ತೇವ ಅಂತ ಇನ್ನೊಬ್ಬರು. ಹಾಗೇ ಒಂದು ದಿನ ಪಕ್ಕದ ಬೀದಿಯ ಅಜ್ಜ ಕೋಲು ಊರಿಕೊಂಡು ನೋಡಲು ಬಂದರು. ಗೂಡ್ಸ್ ಶೆಡ್ಡಿನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು. ಒಳಗೆ ಹೋಗಿ, ಮೂಲೆಯ ತಗಡಿಗೆ ಅಂಗೈ ಒತ್ತಿ, ನೆಕ್ಕಿ ನೋಡಿದರು!

'ಇದು ಉಪ್ಪಿನ ಗಾಡಿ ಕಣಪ್ಪ. ಮಳೆ ಇಲ್ದಿದ್ರೂ ಮೈ ಒದ್ದೆ ಇರ್ತಿತ್ತು. ಬೆಲ್ಲದ್ದಾದ್ರೆ ಇರುವೆ ಹೇಳೋದು, ಕಡ್ಲೆಕಾಯಿದಾದ್ರೆ ಜಿಡ್ಡು.'

'ತಾತ, ಅದೇ ಗಾಡೀಲಿ ಅಕ್ಕೀನೂ ಬರ್ತಿತ್ತಲ್ವಾ?'

'ಎಲ್ಲಾ ಬರ್ತಿತ್ತು. ಉಪ್ಪು ಮಾತ್ರ ಹೋಗ್ತಾನೇ ಇರ್ಲಿಲ್ಲ.'

ಅಷ್ಟೇ ವಿಷಯ. ಉಪ್ಪು ಗಾಳಿಯ ತೇವ ಎಳೆಯುತ್ತದೆ. ತಗಡಿನ ಸಂದಿಯಲ್ಲಿ ಕೂತ ಉಪ್ಪಿನ ಮೇಲೆ ಎಷ್ಟು ಒಳ್ಳೆ ಬಣ್ಣ ಬಳಿದರೂ ಅದು ಕೆಳಗಿಂದ ತುಕ್ಕು ಹಿಡಿಸಿ ಬಣ್ಣವನ್ನು ಎತ್ತುತ್ತದೆ. ಗೊಬ್ಬರ ಹೊತ್ತ ಗಾಡಿಯ ಪಾಡೂ ಹೆಚ್ಚುಕಡಿಮೆ ಇದೇ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ, ಒದ್ದೆಯಾದರೆ ಅದೇ ಆಮ್ಲ. ಚಿನ್ನದ ಗಣಿಯ ಕಡೆ ಓಡಿದ ತೆರೆದ ಗಾಡಿ ಸಿಕ್ಕರೆ ನೆಲದ ತಗಡು ಎಷ್ಟು ದಪ್ಪ ಉಳಿದಿದೆ ಅಂತ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೇಳಿ. ಗಟ್ಟಿ ತಗಡು ಗಣಗಣ ಅನ್ನುತ್ತದೆ, ತಿಂದುಹೋದದ್ದು ದಬ್ ಅನ್ನುತ್ತದೆ. ಎಣ್ಣೆಕಾಳು, ತೌಡು ಹೊತ್ತ ಗಾಡಿಗಳೇ ಪುಣ್ಯವಂತ ಗಾಡಿಗಳು. ಆ ಜಿಡ್ಡು ಒಂದು ಪದರವಾಗಿ ಕಾಪಾಡಿರುತ್ತದೆ. ಆದರೆ ಬಣ್ಣ ಬಳಿಯುವ ಮುಂಚೆ ಅದನ್ನು ಸೋಪಿನ ನೀರಲ್ಲಿ ತೆಗೆಯಲೇಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಅದಕ್ಕೇ ಹೇಳುವುದು: ಹಮಾಲರು, ಪಾಯಿಂಟ್ಸ್‌ಮನ್, ಗೂಡ್ಸ್ ಗುಮಾಸ್ತರು, ಗಾರ್ಡ್ ಆಗಿದ್ದವರು ಯಾರಾದರೂ ಊರಲ್ಲಿದ್ದರೆ ಗಾಡಿ ಹತ್ತಿರವೇ ಕರೆದುಕೊಂಡು ಬನ್ನಿ. ಮನೆಯಲ್ಲಿ ಕೂರಿಸಿ ಕೇಳಿದರೆ 'ಎಲ್ಲಾ ಮರೆತೋಯ್ತು' ಅನ್ನುತ್ತಾರೆ. ಬಾಗಿಲ ಚಿಲಕ ಮುಟ್ಟಿದ ಕೂಡಲೇ ನೆನಪು ಬರುತ್ತದೆ. ಸೀಸದ ಸೀಲು, ಲೇಬಲ್ ಸಿಕ್ಕಿಸುವ ಕ್ಲಿಪ್ಪು, ಡೆಮರೇಜ್ (ತಡವಾಗಿ ಇಳಿಸಿದ್ದಕ್ಕೆ ದಂಡ) ಬೀಳುವ ಮುಂಚೆ ಇಳಿಸಬೇಕು ಅಂತ ರಾತ್ರಿ ಎಬ್ಬಿಸಿ ಕರೆಯುತ್ತಿದ್ದದ್ದು, ದೊಡ್ಡ ರೈಲಿಂದ ಚಿಕ್ಕ ರೈಲಿಗೆ ಬೆನ್ನ ಮೇಲೆ ಮೂಟೆ ದಾಟಿಸಿದ್ದು, ಎಲ್ಲ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೇಳಿಯೇ ಮಾಡಿ. ಸರಕು ಸಾಗಣೆ ಇಡೀ ರೇಕಿನ ಲೆಕ್ಕಕ್ಕೆ ಬಂದಮೇಲೆ ಒಂದೊಂದೇ ವ್ಯಾಗನ್ ಬಿಟ್ಟು ಹೋಗುವ ಸಣ್ಣ ಗೂಡ್ಸ್ ಶೆಡ್ಡುಗಳು ಮುಚ್ಚಿದವು. ಆ ಕೆಲಸ ಕಂಡವರಿಗೆಲ್ಲ ಈಗ ವಯಸ್ಸಾಗಿದೆ.

ಚಾವಣಿ

ಮಟಮಟ ಮಧ್ಯಾಹ್ನ ಒಳಗೆ ಹೋಗಿ ಎರಡೂ ಕಡೆ ಬಾಗಿಲು ಹಾಕಿಸಿ. ಹೊರಗೆ ಒಬ್ಬರು ಇರಲಿ, ಒಳಗೆ ಬಾಣಲೆಯಂತೆ ಕಾಯುತ್ತದೆ, ಐದು ನಿಮಿಷಕ್ಕಿಂತ ಇರಬೇಡಿ. ತಲೆ ಎತ್ತಿದರೆ ತೂತುಗಳು ನಕ್ಷತ್ರದ ಹಾಗೆ ಕಾಣುತ್ತವೆ. ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಸೂಜಿ ತೂತುಗಳಿಗೆ ಸೀಲೆಂಟ್ ಸಾಕು. ತಗಡೇ ತೆಳುವಾಗಿದ್ದರೆ ತುಂಡು ಬೆಸೆಯಬೇಕು. ಬೆಸುಗೆ ಮಾಡುವಾಗ ಒಳಗಿನ ತೌಡು, ಗೋಣಿ, ಕೋಳಿ ಎಲ್ಲ ಹೊರಗಿರಲಿ. ಚಾವಣಿ ಮುಗಿಯದೆ ಕೆಳಗಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ತೊಳೆಯುವುದು, ತುಕ್ಕು ತೆಗೆಯುವುದು

ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಒಣದಾಗಿ ಗ್ರೈಂಡರ್ ಹಿಡಿದರೆ ಆ ಧೂಳು ನಿಮ್ಮ ಶ್ವಾಸಕೋಶಕ್ಕೆ, ಮನೆ ಮಕ್ಕಳಿಗೆ. ಒದ್ದೆ ಮಾಡಿ ಕೆರೆಯಿರಿ, ಒಳ್ಳೆ ಮಾಸ್ಕ್ ಹಾಕಿ, ಕೆಳಗೆ ಟಾರ್ಪಾಲು ಹಾಸಿ, ಕೆರೆದದ್ದನ್ನು ಚೀಲಕ್ಕೆ ತುಂಬಿ. ಮರಳು ಬ್ಲಾಸ್ಟಿಂಗ್ ಮಾಡಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ನಿಜ, ಅಕ್ಷರಗಳ ಪದರವೂ ಅದೇ ದಿನ ಮುಗಿಯುತ್ತದೆ. ಅಡಿಭಾಗಕ್ಕೆ ಬೇಕಾದರೆ ಮಾಡಿಸಿ, ಮೈಗೆ ಬೇಡ.

ಉಪ್ಪಿನ ಗಾಡಿಯನ್ನು ಮೂರು ನಾಲ್ಕು ಸಲ ತೊಳೆಯಬೇಕು. ಇಲ್ಲೊಂದು ಕೋಲಾರದ ತೊಂದರೆ: ನಮ್ಮ ಬೋರ್‌ವೆಲ್ ನೀರೇ ಗಡಸು. ಒಣಗಿದ ಮೇಲೆ ಬಿಳಿ ಪುಡಿ ಬಿಟ್ಟು ಹೋಗುತ್ತದೆ. ಹಾಗಾಗಿ ಮೊದಲ ಸುತ್ತು ಬೋರ್ ನೀರು, ಕೊನೆಯ ಸುತ್ತು ಮಳೆನೀರು. ಮಳೆನೀರು ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಹಾಕಿ. ನಮ್ಮನ್ನು ನೋಡಿ ಜನ ನಕ್ಕರು, 'ಗಾಡಿಗೆ ಫಿಲ್ಟರ್ ನೀರಾ?' ಅಂತ. ಆಮೇಲೆ ಬಣ್ಣ ಉಬ್ಬಲಿಲ್ಲ.

ಎರಡು ತಗಡಿನ ನಡುವೆ ಪದರ ಪದರವಾಗಿ ಕೂತ ತುಕ್ಕು ಬೇರೆ ಥರ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ, ರಿವೆಟ್‌ನ ತಲೆಯನ್ನೇ ಹಾರಿಸುತ್ತದೆ. ಹೋದ ರಿವೆಟ್ ಜಾಗಕ್ಕೆ ಕಾಯಿಸಿ ಬಡಿಯುವ ರಿವೆಟ್ಟೇ ಹಾಕಿಸಬೇಕು ಅಂತ ಆಸೆ ಇರುತ್ತದೆ. ಕುಲುಮೆಯವರು ಸಿಕ್ಕರೆ ಮಾಡಿಸಿ. ಸಿಗದಿದ್ದರೆ ಗುಂಡು ತಲೆಯ ಬೋಲ್ಟ್ ಹಾಕಿ, ಯಾವ ಜಾಗ ಅಂತ ಬರೆದಿಡಿ.

ಹುಣಸೆಹಣ್ಣಿನ ನಾಡು ನಮ್ಮದು, ಯಾರಾದರೂ ಹುಣಸೆಯಲ್ಲಿ ಉಜ್ಜಿ ಅಂತ ಹೇಳಿಯೇ ಹೇಳುತ್ತಾರೆ. ಹಿತ್ತಾಳೆ ಬೇರಿಂಗ್, ಫಲಕಗಳಿಗೆ ಸರಿ. ಉಕ್ಕಿಗೆ ಬೇಡ, ಸಂದಿಯಲ್ಲಿ ಹುಳಿ ಉಳಿದರೆ ಮತ್ತೆ ತಿನ್ನುತ್ತದೆ. ಉಕ್ಕಿಗೆ ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಬಳಸಿ. ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ.

ಅಡಿಭಾಗ

ಕೆಳಗೆ ತೂರುವ ಮುಂಚೆ ಕೋಲು ಹಾಕಿ ಸದ್ದು ಮಾಡಿ. ಹಾವು, ಚೇಳು, ಕಣಜದ ಗೂಡು, ಮೂರನ್ನೂ ನಾವು ಕಂಡಿದ್ದೇವೆ. ಚಕ್ರಕ್ಕೆ ಎರಡೂ ಕಡೆ ಮರದ ಅಡ್ಡೆ ಕೊಡಿ.

ಹಳೆ ವ್ಯಾಗನ್ನಿಗೆ ಇದ್ದದ್ದು ವ್ಯಾಕ್ಯೂಮ್ ಬ್ರೇಕ್. ಇಂಜಿನ್ ಪೈಪಿನಿಂದ ಗಾಳಿ ಎಳೆದಿಟ್ಟಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ. ಪೈಪ್ ಕಳಚಿದರೆ ಗಾಳಿ ನುಗ್ಗಿ ತಾನೇ ಹಿಡಿಯುತ್ತದೆ. ಹಾಗಾಗಿ ನಿಲ್ದಾಣದಲ್ಲಿ ಬಿಟ್ಟ ಗಾಡಿಯನ್ನು ತಳ್ಳಬೇಕಾದರೆ ಮೊದಲು ಬದಿಯ ಕಂಬಿ ಎಳೆದು ಬ್ರೇಕ್ ಬಿಡಿಸಬೇಕಿತ್ತು. ಆ ಸೊಯ್ ಅನ್ನುವ ಸದ್ದು ಹಳಬರಿಗೆ ನೆನಪಿದೆ. ಚಕ್ರದ ಸುತ್ತಿನಲ್ಲಿ ಒಂದು ಕಡೆ ಚಪ್ಪಟೆ ಕಂಡರೆ ಬ್ರೇಕ್ ಹಿಡಿದುಕೊಂಡೇ ಉಜ್ಜಿಕೊಂಡು ಹೋದ ದಿನದ ಗುರುತು. ಬ್ರೇಕ್ ಸಿಲಿಂಡರ್ ಮತ್ತು ಗಾಡಿಯ ತುದಿಯಲ್ಲಿ ಗುದ್ದು ತಡೆಯುವ ಬಫರ್ ಇವೆರಡನ್ನು ನೀವೇ ಬಿಚ್ಚಬೇಡಿ. ಬಫರಿನೊಳಗೆ ಸ್ಪ್ರಿಂಗ್ ಒತ್ತಿ ಕೂತಿದೆ, ಹಾರಿದರೆ ಪ್ರಾಣಕ್ಕೇ ಕುತ್ತು. ರೈಲ್ವೆ ಫಿಟ್ಟರ್ ಆಗಿದ್ದವರನ್ನು ಕರೆಸಿ.

ಅಚ್ಚಿನ ತುದಿ ಕೂರುವ ಆಕ್ಸಲ್ ಬಾಕ್ಸಿಗೆ ಮುಚ್ಚಳ ಇದ್ದು, ಒಳಗೆ ಎಣ್ಣೆಯಲ್ಲಿ ನೆನೆದ ಹತ್ತಿ ವೇಸ್ಟ್ ಇದ್ದರೆ ಅದು ಹಳೆ ಥರದ ಹಿತ್ತಾಳೆ ಬೇರಿಂಗ್. ಎಣ್ಣೆ ಒಣಗಿದರೆ ಇದೇ ಓಡುವಾಗ ಕಾದು ಹೊಗೆ ಬರುತ್ತಿತ್ತು, ಹಾಟ್ ಆಕ್ಸಲ್ ಅಂತ ಗಾಡಿ ನಿಲ್ಲಿಸುತ್ತಿದ್ದರು. ಹಳೆ ವೇಸ್ಟ್ ತೆಗೆದು ಹೊಸದನ್ನು ಎಣ್ಣೆಯಲ್ಲಿ ನೆನೆಸಿ ತುಂಬಿ. ರೋಲರ್ ಬೇರಿಂಗ್ ಆದರೆ ಮುಟ್ಟಲೇಬೇಡಿ. ಪಟ್ಟಿ ಸ್ಪ್ರಿಂಗಿನ ಎಲೆಗಳ ನಡುವೆ, ಬ್ರೇಕಿನ ಪಿನ್ನುಗಳಿಗೆ ಗ್ರೀಸ್ ಹಾಕಿ. ಹಳಿ ಎರಡಡಿ ಉದ್ದ ಇರಲಿ ಅಂದದ್ದು ಇದಕ್ಕೇ: ವರ್ಷಕ್ಕೊಮ್ಮೆ ನಾಲ್ಕು ಜನ ಸೇರಿ ಪಿಂಚ್ ಬಾರ್ (ಚಕ್ರ ಮೀಟುವ ಕಬ್ಬಿಣದ ಸರಳು) ಹಾಕಿ ಗಾಡಿಯನ್ನು ಒಂದಡಿ ಸರಿಸಿದರೆ ಚಕ್ರ, ಬೇರಿಂಗ್ ಒಂದೇ ಜಾಗದಲ್ಲಿ ಕಚ್ಚಿಕೊಳ್ಳುವುದಿಲ್ಲ. ಸರಿದ ಮೇಲೆ ಮತ್ತೆ ಅಡ್ಡೆ.

ಬಣ್ಣ, ಈಗ

ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆ ಸಮಯ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ತಗಡು ಕೈಗೆ ಸುಡುವಷ್ಟು ಕಾದರೆ ನಿಲ್ಲಿಸಿ. ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಸಲ, ಮೇಲೆ ಕೆಂಪುಕಂದು ಇನಾಮಲ್ ಎರಡು ಸಲ. ಫಳಫಳ ಹೊಳೆಯುವುದು ಬೇಡ, ಗೂಡ್ಸ್ ಗಾಡಿ ಯಾವತ್ತೂ ಮದುಮಗನ ಹಾಗೆ ಇರಲಿಲ್ಲ. ಪ್ರತಿ ಬದಿಯಲ್ಲಿ ಒಂದು ಚದರಡಿ ಹಳೆ ಬಣ್ಣ ಹಾಗೇ ಬಿಟ್ಟು ಅದಕ್ಕೆ ಮೇಣ ಹಚ್ಚಿ. ಅಕ್ಷರಕ್ಕೆ ಸ್ಟಿಕ್ಕರ್ ಅಂಟಿಸಬೇಡಿ. ಊರಿನಲ್ಲಿ ಬೋರ್ಡ್ ಬರೆಯುವವರು ಒಬ್ಬರಾದರೂ ಉಳಿದಿರುತ್ತಾರೆ, ನಿಮ್ಮ ಪ್ಲಾಸ್ಟಿಕ್ ಅಚ್ಚು ಕೊಟ್ಟು ಅವರಿಂದ ಬರೆಸಿ.

ಕಿಟಕಿ ಕೊರೆಸಿ ಕೆಫೆ ಮಾಡೋಣ ಅನ್ನುವ ಸಲಹೆ ವಾರಕ್ಕೊಂದು ಬರುತ್ತದೆ. ನನಗೆ ಇಷ್ಟವಿಲ್ಲ. ಬಾಗಿಲು ತೆಗೆದರೆ ಬೇಕಾದಷ್ಟು ಗಾಳಿ ಬೆಳಕು ಇದೆ. ಕರೆಂಟ್ ಎಳೆದರೆ ಅರ್ಥಿಂಗ್ ಮರೆಯಬೇಡಿ, ಇಡೀ ಗಾಡಿಯೇ ಕಬ್ಬಿಣ.

ವರ್ಷವರ್ಷ

ಮೇ ತಿಂಗಳಲ್ಲಿ ಸುತ್ತಲಿನ ಚರಂಡಿ, ಬಾಗಿಲಿನ ಕೆಳಗಿನ ಸಂದಿ ಸ್ವಚ್ಛ ಮಾಡಿ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ನಿಂತ ವಾರವೇ ಒಳಗೆ ಹೋಗಿ ಗೋಡೆಯ ಕೆಳಭಾಗಕ್ಕೆ ಅಂಗೈ ಒತ್ತಿ ನೋಡಿ. ಉಬ್ಬಿದ ಬಣ್ಣ ಕಂಡರೆ ಅಷ್ಟು ಜಾಗ ಮಾತ್ರ ಕೆರೆದು, ತೊಳೆದು, ಮತ್ತೆ ಬಳಿಯಿರಿ.

ಆಯುಧಪೂಜೆಗೆ ನಮ್ಮ ಗಾಡಿಗೂ ಬಾಳೆಕಂದು, ಚೆಂಡುಹೂವಿನ ಹಾರ. ಬೇಡ ಅನ್ನಲು ಆಗುವುದಿಲ್ಲ, ನನಗೂ ಇಷ್ಟ. ಆದರೆ ಬೂದುಗುಂಬಳವನ್ನು ಜಲ್ಲಿಯಿಂದ ಆಚೆ ಒಡೆಯಿರಿ, ನಿಂಬೆಹಣ್ಣನ್ನು ಚಕ್ರಕ್ಕೆ ತಾಗದ ಹಾಗೆ ಇಡಿ, ಅರಿಶಿನ ಕುಂಕುಮವನ್ನು ಬಫರಿಗೆ ಹಚ್ಚಿ, ಅಕ್ಷರಗಳ ಮೇಲೆ ಹಚ್ಚಬೇಡಿ. ಮಾರನೇ ದಿನ ಎಲ್ಲ ಒರೆಸಿ ಗ್ರೀಸ್ ಹಾಕಿ. ಗಾಡಿ ಒಂದಡಿ ಸರಿಸುವ ಕೆಲಸವನ್ನೂ ನಾವು ಅದೇ ದಿನ ಇಟ್ಟುಕೊಂಡಿದ್ದೇವೆ. ಆ ದಿನ ಮಾತ್ರ ಕರೆಯದೆ ಇದ್ದರೂ ಇಪ್ಪತ್ತು ಜನ ತಳ್ಳಲು ಬರುತ್ತಾರೆ.